ಹಳೇ ಗೀಸರ್ ಇಳಿಸಿ ಹೊಸದನ್ನು ಕೂರಿಸುವ ಬಗೆ

ಗೀಸರ್ ಸೋರುತ್ತಿದೆ ಎಂದ ಕೂಡಲೇ ಹೊಸದು ತರಲು ಹೊರಡಬೇಡಿ. ಎಲ್ಲಿಂದ ಸೋರುತ್ತಿದೆ ಎಂಬುದನ್ನು ಮೊದಲು ನೋಡಿ. ಕೆಳಗಿನ ಕನೆಕ್ಷನ್ ಪೈಪಿನ ನಟ್ಟಿನ ಬಳಿ ತೊಟ್ಟಿಕ್ಕುತ್ತಿದ್ದರೆ ಒಳಗಿನ ರಬ್ಬರ್ ವಾಷರ್ ಬದಲಿಸಿದರೆ ಮುಗಿಯಿತು. ನೀರು ಕಾಯುತ್ತಲೇ ಇಲ್ಲವೆಂದರೆ ಹೋಗಿರುವುದು ಸಾಮಾನ್ಯವಾಗಿ ಎಲಿಮೆಂಟ್ ಅಥವಾ ಥರ್ಮೋಸ್ಟಾಟ್. ಎರಡೂ ಬಿಡಿಯಾಗಿ ಸಿಗುತ್ತವೆ. ಆದರೆ ಹೊರಕವಚದ ಅಡಿಯಿಂದ ತುಕ್ಕಿನ ಬಣ್ಣದ ನೀರು ಇಳಿಯುತ್ತಿದ್ದರೆ ಒಳಗಿನ ಟ್ಯಾಂಕೇ ತೂತಾಗಿದೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಲೇಬೇಕು. ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಆ ಕ್ಷಣವೇ ಗೀಸರಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಫ್ಯೂಸಿನ ಕೆಲಸ ಮಾಡುವ ಸ್ವಿಚ್) ಇಳಿಸಿ. ಕಾರಣ ಗೊತ್ತಾಗುವವರೆಗೆ ಯಾರೂ ಅದನ್ನು ಹಾಕಬಾರದು.

ಇಲ್ಲಿ ಹೇಳುವುದು ಗೋಡೆಗೆ ನೇತುಹಾಕುವ 15 ಅಥವಾ 25 ಲೀಟರಿನ ಕರೆಂಟ್ ಗೀಸರ್ ಬಗ್ಗೆ. ಹಳೇದರ ಜಾಗಕ್ಕೆ ಗ್ಯಾಸ್ ಗೀಸರ್ ಹಾಕುವ ಯೋಚನೆಯಿದ್ದರೆ ಬಚ್ಚಲುಮನೆಯೊಳಗೆ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬಿದ್ದು ಸಾಯುತ್ತಾರೆ.

ಕೊಳ್ಳುವ ಮುಂಚೆ ಎರಡು ಲೆಕ್ಕ ಹಾಕಿ. 2000 ವಾಟ್ ಎಲಿಮೆಂಟು 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ, 25 ಲೀಟರಿಗೆ ಸುಮಾರು ಅರ್ಧ ಗಂಟೆ. ನಾಲ್ಕು ಜನ ಬಕೆಟ್ಟಿನಲ್ಲಿ ಸ್ನಾನ ಮಾಡುವ ಮನೆಗೆ 15 ಲೀಟರ್ ಸಾಕು. ಶವರ್ ಇದ್ದರೆ 25. ಎರಡನೆಯದು ಒತ್ತಡ. ತಾರಸಿಯ ಟ್ಯಾಂಕು ಗೀಸರಿಗಿಂತ 3 ಮೀಟರ್ ಮೇಲಿದ್ದರೆ ಬೀಳುವ ಒತ್ತಡ 0.3 ಬಾರ್ ಮಾತ್ರ, ಯಾವ ಗೀಸರಾದರೂ ತಡೆಯುತ್ತದೆ. ಪ್ರೆಷರ್ ಪಂಪ್ ಹಾಕಿಸಿರುವ ಮನೆಗಳಲ್ಲಿ 8 ಬಾರ್ ರೇಟಿಂಗ್ ಇರುವುದನ್ನೇ ತನ್ನಿ.

ನೀರಿನ ಗುಣವನ್ನೂ ಮರೆಯಬೇಡಿ. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ, ಕಬಿನಿ ನೀರು ಗೀಸರಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಊರಾಚೆಯ ಬಡಾವಣೆಗಳಲ್ಲಿ, ಮಂಡ್ಯದ ಸುತ್ತಮುತ್ತ ಬೋರ್‌ವೆಲ್ಲನ್ನೇ ನಂಬಿರುವ ಮನೆಗಳಲ್ಲಿ ಹಾಗಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಎಲಿಮೆಂಟಿನ ಮೇಲೂ ಕಟ್ಟುತ್ತದೆ. ಅಂಥ ಕಡೆ ಗಡಸು ನೀರಿಗೆಂದೇ ಗ್ಲಾಸ್ ಲೈನಿಂಗ್ ಮಾಡಿದ ಟ್ಯಾಂಕು ಮತ್ತು ಸುಲಭವಾಗಿ ಬಿಚ್ಚಲು ಬರುವ ಆನೋಡ್ ಕಡ್ಡಿ (ಟ್ಯಾಂಕಿನ ಬದಲು ತಾನು ಸವೆದು ಅದನ್ನು ತುಕ್ಕಿನಿಂದ ಕಾಯುವ ಲೋಹದ ಕಡ್ಡಿ) ಇರುವ ಮಾದರಿ ಆರಿಸಿ. ವಾರಂಟಿ ಕಾರ್ಡನ್ನು ಅಂಗಡಿಯಲ್ಲೇ ಓದಿ: ಕೆಲವು ಕಂಪನಿಗಳು ತಮ್ಮವರೇ ಕೂರಿಸಬೇಕು ಎಂದು ಷರತ್ತು ಹಾಕುತ್ತವೆ. ಹಾಗಿದ್ದರೆ ಹಳೇದನ್ನು ಇಳಿಸಿ, ಪಾಯಿಂಟು ಸರಿಮಾಡಿಟ್ಟು, ಕೂರಿಸುವುದನ್ನು ಅವರಿಗೇ ಬಿಡಿ.

ಸಾಮಾನು ಹೆಚ್ಚೇನಿಲ್ಲ. ಅರ್ಧ ಇಂಚಿನ, ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪ್ ಎರಡು (18 ಇಂಚು ಸಾಲದೆ ಹೋದರೆ 24), ಟೆಫ್ಲಾನ್ ಟೇಪ್ ಎರಡು ಸುರುಳಿ, ಅರ್ಧ ಇಂಚಿನ ಹಿತ್ತಾಳೆ ಎಕ್ಸ್‌ಟೆನ್ಷನ್ ನಿಪ್ಪಲ್ ಎರಡು, ಆಂಕರ್ ಫಾಸ್ಟನರ್, ಸ್ಕ್ರೂ ಸ್ಪ್ಯಾನರ್ ಎರಡು, ಹ್ಯಾಮರ್ ಡ್ರಿಲ್, ರಸಮಟ್ಟ, ಮಲ್ಟಿಮೀಟರ್, ಗಟ್ಟಿ ಏಣಿ, ಬಕೆಟ್. ಬಿಸಿನೀರಿಗೆ ಪ್ಲಾಸ್ಟಿಕ್ಕಿನ ಅಗ್ಗದ ಪೈಪ್ ಹಾಕಬೇಡಿ. ಮೆತ್ತಗಾಗಿ ನಟ್ಟಿನ ಬುಡದಲ್ಲಿ ಒಡೆಯುತ್ತದೆ.

ಇಳಿಸುವುದು

ಹಿಂದಿನ ರಾತ್ರಿಯೇ ಗೀಸರ್ ಆರಿಸಿಬಿಡಿ. ಬೆಳಿಗ್ಗೆ ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಸಾಕೆಟ್ಟಿನಲ್ಲಿ ಕರೆಂಟ್ ಇಲ್ಲವೆಂದು ಮೀಟರಿನಲ್ಲಿ ನೋಡಿ. ಬರೀ ಟೆಸ್ಟರ್ ನಂಬಬೇಡಿ. ಪಿನ್ನು ಕಪ್ಪಾಗಿದ್ದರೆ ಅಥವಾ ಸಾಕೆಟ್ ಕರಗಿದ್ದರೆ ಸಾಕೆಟ್ಟನ್ನೂ ಈಗಲೇ ಬದಲಿಸಬೇಕು, ಇಲ್ಲವಾದರೆ ಹೊಸ ಗೀಸರಿನ ಪ್ಲಗ್ಗಿಗೂ ಅದೇ ಗತಿ.

ನೀರಿನ ವಾಲ್ವ್ ಮುಚ್ಚಿ. ಬಚ್ಚಲಿಗೆ ಪ್ರತ್ಯೇಕ ವಾಲ್ವ್ ಇಲ್ಲದಿದ್ದರೆ ತಾರಸಿ ಟ್ಯಾಂಕಿನ ಗೇಟ್‌ವಾಲ್ವನ್ನೇ ಮುಚ್ಚಬೇಕು. ಬಿಸಿನೀರಿನ ನಲ್ಲಿ ತೆರೆದಿಟ್ಟು, ತಣ್ಣೀರು ಒಳಹೋಗುವ ಕಡೆಯ ಸೇಫ್ಟಿ ವಾಲ್ವಿನ ಹಿಡಿ ಎತ್ತಿ. ಗಾಳಿ ಒಳಹೋಗದೆ ಟ್ಯಾಂಕು ಖಾಲಿಯಾಗದು. ಹಾಗೆ ಮಾಡಿಯೂ ನಿಧಾನವೆಂದರೆ ಬಿಸಿನೀರಿನ ಕಡೆಯ ಪೈಪನ್ನು ಗೀಸರಿನ ಬಳಿ ಬಿಚ್ಚಿಕೊಳ್ಳಿ. ಖಾಲಿ ಮಾಡದೆ ಇಳಿಸಿದರೆ 25 ಲೀಟರಿನದು ಸುಮಾರು 35 ಕಿಲೋ ತೂಗುತ್ತದೆ, ಏಣಿಯ ಮೇಲೆ ಒಬ್ಬರ ಕೈಗೆ ನಿಲ್ಲುವ ಭಾರವಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಮುಂದಿನ ಹಂತದಲ್ಲಿ. ಟೈಲ್ಸಿನ ಹಿಂದೆ, ಗೋಡೆಯೊಳಗೆ ಸಿಪಿವಿಸಿ (ಬಿಸಿನೀರು ತಡೆಯುವ ಗಟ್ಟಿ ಪ್ಲಾಸ್ಟಿಕ್) ಪೈಪಿನ ತುದಿಗೆ ಹಿತ್ತಾಳೆ ತಿರುಪಿನ ಎಲ್ಬೋ ಇರುತ್ತದೆ. ವರ್ಷಗಟ್ಟಲೆ ಹಿಡಿದುಕೊಂಡ ನಟ್ಟನ್ನು ಒಂದೇ ಸ್ಪ್ಯಾನರಿನಿಂದ ತಿರುಗಿಸಿದರೆ ನಟ್ಟಿನ ಬದಲು ನಿಪ್ಪಲ್ ತಿರುಗುತ್ತದೆ, ಅದರ ಜೊತೆ ಎಲ್ಬೋ ತಿರುಚಿ ಸೀಳುತ್ತದೆ. ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ. ಆದ್ದರಿಂದ ಒಂದು ಸ್ಪ್ಯಾನರಿನಲ್ಲಿ ನಿಪ್ಪಲ್ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ನಟ್ಟು ತಿರುಗಿಸಿ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಅರ್ಧ ಗಂಟೆ ಬಿಡಿ. ಆಗಲೂ ಬರದಿದ್ದರೆ ಜೋರು ಮಾಡಬೇಡಿ. ಪೈಪನ್ನು ಕತ್ತರಿಸಿ, ನಟ್ಟನ್ನು ಆಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಹೋಗುವುದು ಹೇಗಿದ್ದರೂ ಎಸೆಯಬೇಕಾದ ಪೈಪು. ನಿಪ್ಪಲ್ ಒಳಗೇ ಮುರಿದರೆ ನಿಪ್ಪಲ್ ಎಕ್ಸ್‌ಟ್ರಾಕ್ಟರ್ ಎಂಬ ಸಲಕರಣೆಯಿಂದ ತೆಗೆಸಬಹುದು, ಪ್ಲಂಬರುಗಳ ಬಳಿ ಇರುತ್ತದೆ.

ಕೂರಿಸುವುದು

ಹೊಸ ಗೀಸರಿನ ತೂತುಗಳ ಅಂತರ ಹಳೇದಕ್ಕೆ ಹೊಂದುವುದು ಅಪರೂಪ. ಪೆಟ್ಟಿಗೆಯಲ್ಲಿ ಬಂದ ಅಳತೆ ಹಾಳೆಯನ್ನು ಗೋಡೆಗೆ ಅಂಟಿಸಿ, ರಸಮಟ್ಟ ಹಿಡಿದು ಗುರುತು ಮಾಡಿ. ಸ್ವಿಚ್‌ಬೋರ್ಡಿನ ಮತ್ತು ನಲ್ಲಿಗಳ ನೇರಕ್ಕೆ ಡ್ರಿಲ್ ಇಡಬೇಡಿ, ಒಳಗೆ ತಂತಿ ಇಲ್ಲವೇ ಪೈಪ್ ಹಾದಿರುತ್ತದೆ. ಟೈಲ್ಸ್ ದಾಟುವವರೆಗೆ ಹ್ಯಾಮರ್ ಹಾಕದೆ ಬರೀ ತಿರುಗಿಸಿ, ಆಮೇಲೆ ಹ್ಯಾಮರ್. ಗಟ್ಟಿ ಇಟ್ಟಿಗೆ, ಕಾಂಕ್ರೀಟಿನಲ್ಲಿ ಆಂಕರ್ ಫಾಸ್ಟನರ್ ಕಚ್ಚಿಕೊಳ್ಳುತ್ತದೆ. ಟೊಳ್ಳು ಬ್ಲಾಕಿನಲ್ಲಿ ಮತ್ತು ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಗಾರೆ ಗೋಡೆಯ ಹಳೇ ಮನೆಗಳಲ್ಲಿ ಅದು ಸುಮ್ಮನೆ ತಿರುಗುತ್ತಿರುತ್ತದೆ. ಅಲ್ಲಿ ಗೋಡೆಯಾಚೆಗೆ ಬೋಲ್ಟ್ ತೂರಿಸಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು.

ಸೇಫ್ಟಿ ವಾಲ್ವನ್ನು ಬಾಣದ ಗುರುತು ಗೀಸರಿನ ಕಡೆಗಿರುವಂತೆ ನೀಲಿ ಬಣ್ಣದ ಬಾಯಿಗೆ ಹಾಕಿ. ಹಳೇ ವಾಲ್ವನ್ನು ಮತ್ತೆ ಬಳಸಬೇಡಿ. ತಿರುಪಿಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ 10ರಿಂದ 12 ಸುತ್ತು ಸುತ್ತಿ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುವುದರಿಂದ ಅಲ್ಲಿ ಟೇಪ್ ಬೇಡ. ಕೈಯಲ್ಲಿ ಬಿಗಿದು, ಮೇಲೆ ಅರ್ಧ ಸುತ್ತು ಸ್ಪ್ಯಾನರ್ ಸಾಕು. ಇನ್ನೂ ಬಿಗಿದರೆ ವಾಷರ್ ಹಿಸುಕಿ ಸೋರಲು ಶುರುವಾಗುತ್ತದೆ. ಎಲ್ಬೋ ಟೈಲ್ಸಿನಿಂದ ಒಳಗಿದ್ದರೆ ಎಕ್ಸ್‌ಟೆನ್ಷನ್ ನಿಪ್ಪಲ್ ಕೊಡಿ. ಸೇಫ್ಟಿ ವಾಲ್ವಿಗೂ ಗೀಸರಿಗೂ ನಡುವೆ ಯಾವ ನಲ್ಲಿ, ವಾಲ್ವೂ ಬರಕೂಡದು.

ಆ ವಾಲ್ವಿನ ಸಣ್ಣ ಬಾಯಿಂದ ನೀರು ಕಾಯುವಾಗ ತೊಟ್ಟು ಬೀಳುವುದುಂಟು. 15 ಲೀಟರ್ ನೀರು 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 200 ಮಿಲಿ ಉಬ್ಬುತ್ತದೆ, ಆ ಉಬ್ಬಿಗೆ ದಾರಿ ಬೇಕು. ಸೋರಿಕೆಯೆಂದು ತಿಳಿದು ಅದಕ್ಕೆ ಬೆಣೆ ಹೊಡೆದರೆ ಟ್ಯಾಂಕು ಸಿಡಿಯಬಹುದು. ಒಂದು ಸಣ್ಣ ಪೈಪ್ ಸಿಕ್ಕಿಸಿ ನೆಲದವರೆಗೆ ಬಿಡಿ, ಪ್ಲಗ್ಗಿನ ಮೇಲೆ ಬೀಳದಂತೆ.

ಕರೆಂಟ್

2000 ವಾಟಿನ ಗೀಸರ್ 8.7 ಆಂಪಿಯರ್, 3000 ವಾಟಿನ ದಿಢೀರ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್, ಅದಕ್ಕೇ ಮೀಸಲಾದ ಎಂಸಿಬಿ, ಬೋರ್ಡಿನಿಂದ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ತಂತಿ ಬೇಕು. ದಿಢೀರ್ ಗೀಸರಿಗೆ 4 ಇರಲಿ. ಹೊಸ ತಂತಿ ಎಳೆಯಬೇಕಾಗಿ ಬಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಅರ್ಥಿಂಗ್ ನೋಡದೆ ಪ್ಲಗ್ ಹಾಕಬೇಡಿ. ಹಳೇ ಮನೆಗಳಲ್ಲಿ ಜಿಐ (ಸತು ಲೇಪದ ಕಬ್ಬಿಣ) ನೀರಿನ ಪೈಪಿಗೇ ಅರ್ಥ್ ತಂತಿ ಸುತ್ತಿರುವುದುಂಟು. ಆ ಪೈಪುಗಳನ್ನು ತೆಗೆದು ಸಿಪಿವಿಸಿ ಹಾಕಿದ ದಿನವೇ ಮನೆಯ ಅರ್ಥಿಂಗ್ ಹೋಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ತೋರಬೇಕು. ಮೀಟರು ಸರಿ ತೋರಿಸಿದರೂ ಅರ್ಥಿಂಗ್ ದುರ್ಬಲವಾಗಿರಬಹುದು, ಹಾಗಾಗಿ ಎಲೆಕ್ಟ್ರಿಷಿಯನ್ ಬಂದಾಗ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಅಳೆಸಿ. ಸಾಕೆಟ್ಟಿನಲ್ಲಿ ನ್ಯೂಟ್ರಲನ್ನೂ ಅರ್ಥನ್ನೂ ಜೋಡಿಸುವ ಅಡ್ಡದಾರಿ ಹಿಡಿಯಬೇಡಿ: ನ್ಯೂಟ್ರಲ್ ಕಡಿದರೆ ಗೀಸರಿನ ಮೈಯೆಲ್ಲ ಕರೆಂಟ್. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈಗಲೇ ಹಾಕಿಸಿ.

ಚಾಲೂ ಮಾಡುವಾಗ ಮೊದಲು ನೀರು, ಆಮೇಲೆ ಕರೆಂಟ್. ಬಿಸಿನೀರಿನ ನಲ್ಲಿ ತೆರೆದಿಟ್ಟು ವಾಲ್ವ್ ಬಿಡಿ. ಪುಸಪುಸ ಗಾಳಿ ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಹೊಸ ಎಲಿಮೆಂಟು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ನಲ್ಲಿ ಮುಚ್ಚಿ ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ, ಕಾಗದ ಒದ್ದೆಯಾಗದಿದ್ದರೆ ಸ್ವಿಚ್ ಹಾಕಿ. ಒಮ್ಮೆ ಪೂರ್ತಿ ಕಾದು ತಾನಾಗಿ ಕಟ್ ಆದ ಮೇಲೆ ಜೋಡಣೆಗಳನ್ನು ಇನ್ನೊಮ್ಮೆ ಒರೆಸಿ ನೋಡಿ. ತಣ್ಣಗಿದ್ದಾಗ ಸೋರದ ವಾಷರ್ ಬಿಸಿಯಲ್ಲಿ ಸೋರುವುದುಂಟು.

ಥರ್ಮೋಸ್ಟಾಟ್ 55ರಿಂದ 60 ಡಿಗ್ರಿಗಿಡಿ. ಹೆಚ್ಚು ಕಾಯಿಸಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ, ಆನೋಡ್ ಕಡ್ಡಿ ತೆಗೆದು ನೋಡಿ. ಪೆನ್ಸಿಲ್ಲಿಗಿಂತ ಸಣ್ಣಗಾಗಿದ್ದರೆ ಬದಲಿಸಿ. ಕೂರಿಸಿದ ತಾರೀಖನ್ನು ಗೀಸರಿನ ಪಕ್ಕಕ್ಕೆ ಮಾರ್ಕರಿನಲ್ಲಿ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.