ಕೆಂಪು ಮುಚ್ಚಳದ ಸಿರಿಂಜು ಬಂದ ಮೇಲೆ

ಸೂಜಿಯಿಂದ ಡ್ರಗ್ಸ್ ಹಾಕಿಕೊಳ್ಳುವವರಲ್ಲಿ ಎಚ್‌ಐವಿ ಹರಡದಿರಲಿ ಅಂತ ಹೊಸ ಸೂಜಿ ಕೊಟ್ಟು ಹಳೇದು ವಾಪಸ್ ಪಡೆಯುವುದು ನಮ್ಮ ಕೆಲಸ. ಮೊದಲ ವರ್ಷ ನಾವು ಕೊಟ್ಟ 100 ಸೂಜಿಯಲ್ಲಿ 30 ಕೂಡ ವಾಪಸ್ ಬರುತ್ತಿರಲಿಲ್ಲ. ಈಗ 70ರ ಹತ್ತಿರ ಬರುತ್ತಿದೆ. "ಮಣಿಪುರದಲ್ಲಿ ನಡೆದೀತು, ಬೆಂಗಳೂರಲ್ಲಿ ಆಗಲ್ಲ" ಅಂದಿದ್ದ ಹಿರಿಯರೇ ಈಗ ತಮ್ಮ ಪೀರ್‌ಗಳನ್ನು, ಅಂದರೆ ಡ್ರಗ್ಸ್ ಹಾಕಿಕೊಳ್ಳುವವರ ನಡುವಿನಿಂದಲೇ ಬಂದ ಕಾರ್ಯಕರ್ತರನ್ನು, ನಮ್ಮಲ್ಲಿಗೆ ಕಳಿಸುತ್ತಾರೆ.

ತಪ್ಪಿದ್ದದ್ದು ಸೂಜಿಯಲ್ಲೇ. ನಾವು ಹಂಚುತ್ತಿದ್ದದ್ದು 2 ಎಂಎಲ್ ಸಿರಿಂಜು, ಅದಕ್ಕೆ ಸೂಜಿ ಬೇರೆ ಸಿಕ್ಕಿಸಬೇಕು. ಹುಡುಗರು ಅದನ್ನು ಕಾಂಪೌಂಡ್ ಆಚೆ ಎಸೆದು, ಒಂದೇ ಹಳೇ ಇನ್ಸುಲಿನ್ ಸಿರಿಂಜನ್ನು ನಾಲ್ಕು ಜನ ಹಂಚಿಕೊಳ್ಳುತ್ತಿದ್ದರು. ಯಾಕೋ ಅಂದರೆ ಒಬ್ಬ ತೋಳು ಚಾಚಿದ. ನರವೇ ಕಾಣಲಿಲ್ಲ. "ನೀನು ಕೊಡೋದು ದನಕ್ಕೆ ಹಾಕೋ ಸೂಜಿ ಅಣ್ಣಾ" ಅಂದ. ಅವನ ಕೈಲಿದ್ದದ್ದರ ತುದಿ ಚುಚ್ಚಿ ಚುಚ್ಚಿ ಗಾಳದ ಹಾಗೆ ಸೊಟ್ಟಗಾಗಿತ್ತು.

ಕೆಂಪು ಮುಚ್ಚಳದ 1 ಎಂಎಲ್ ಇನ್ಸುಲಿನ್ ಸಿರಿಂಜು ತರಿಸಿದೆ. ಸೂಜಿ ಅದಕ್ಕೇ ಅಂಟಿಕೊಂಡಿರುವುದರಿಂದ ಬುಡದಲ್ಲಿ ರಕ್ತ ಉಳಿಯುವುದು ತೀರಾ ಕಡಿಮೆ. ಎರಡರಲ್ಲೂ ಬಣ್ಣದ ನೀರು ಎಳೆದು, ಪೂರ್ತಿ ಒತ್ತಿ ನೋಡಿ, ಗೊತ್ತಾಗುತ್ತೆ. ಒಂದಕ್ಕೆ ಐದು ರೂಪಾಯಿ ಆಸುಪಾಸು ಬಿತ್ತು. ಬಜೆಟ್ಟಿಗೆ ಹೊಂದಲಿಲ್ಲ. ಮೂರು ತಿಂಗಳಲ್ಲಿ ನನ್ನ ಕೈಯಿಂದಲೇ ಸುಮಾರು 12 ಸಾವಿರ ಹೋಯಿತು. ಮನೆಯಲ್ಲಿ ಹೇಳಿರಲಿಲ್ಲ.

ವಾಪಸ್ ತರಲಿ ಅಂತ ಇನ್ನೊಂದು ಹುಚ್ಚು ಮಾಡಿದೆ. ಹತ್ತು ಹಳೇ ಸೂಜಿಗೆ ಒಂದು ಟೀ, ಒಂದು ಬನ್ನು. ಒಂದೇ ವಾರಕ್ಕೆ ಡಬ್ಬ ತುಂಬಿತು, ನಾನೂ ಬೀಗಿದೆ. ಮುಂದಿನ ವಾರ ನೋಡಿದರೆ ಒಳಗೆ 5 ಎಂಎಲ್, 10 ಎಂಎಲ್ ಸಿರಿಂಜುಗಳು! ಯಾವುದೋ ನರ್ಸಿಂಗ್ ಹೋಮಿನ ಕಸದಿಂದ ಬರಿಗೈಯಲ್ಲಿ ಆಯ್ದು ತಂದಿದ್ದರು. ಯಾರಿಗಾದರೂ ಚುಚ್ಚಿದ್ದರೆ? ಅವತ್ತೇ ಟೀ ಬಂದ್.

ಒಂದು ತಂದರೆ ಒಂದು ಅನ್ನುವ ಲೆಕ್ಕವನ್ನೂ ಬಿಟ್ಟೆ. ದಿನಕ್ಕೆ ಎಷ್ಟು ಸಲ ಹಾಕಿಕೊಳ್ಳುತ್ತಾನೋ ಅಷ್ಟು ಕೊಡುವುದು, ಶನಿವಾರ ಸಂಜೆ ಇನ್ನೂ ಜಾಸ್ತಿ. ವಿಚಿತ್ರ ಅಂದರೆ ವಾಪಸ್ ಬರುವುದು ಏರಿದ್ದು ಆಮೇಲೆಯೇ. ಡಬ್ಬ ಇಡುವ ಜಾಗವನ್ನು ಹುಡುಗರೇ ತೋರಿಸಿದರು. ಎಲ್ಲಿ ಅಂತ ಮಾತ್ರ ಕೇಳಬೇಡಿ.

ಪೊಲೀಸರ ವಿಷಯ ನಿಮಗೆ ಗೊತ್ತೇ ಇದೆ. 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ನಿನ ಜೆರಾಕ್ಸ್ ನಮ್ಮ ಎಲ್ಲ ಪೀರ್‌ಗಳ ಜೇಬಲ್ಲೂ ಇದೆ. ಸೂಜಿ ಬದಲಿಸಿಕೊಡುವುದು ಅಪರಾಧ ಅಲ್ಲ ಅಂತ ಉದಾಹರಣೆ ಸಮೇತ ಅದರಲ್ಲಿದೆ. ಅದರ ಜೊತೆಗೆ ಬೀಟ್ ಪೊಲೀಸರ ಹತ್ತಿರ ಇನ್ನೊಂದು ಉಪಾಯ ಮಾಡಿದೆ, ಅದು ಸಿಕ್ಕಾಗ ಹೇಳುತ್ತೇನೆ.

ಮಾತ್ರೆ ಕರಗಿಸಿ ಹಾಕಿಕೊಳ್ಳುವವರಿಗೆ 1 ಎಂಎಲ್ ಸಾಲುವುದಿಲ್ಲ, ನೆನಪಿರಲಿ. ಅಂಥವರು ನಿಮ್ಮ ಕಡೆ ಇದ್ದರೆ ತಿಳಿಸಿ. ಹಳೇ 2 ಎಂಎಲ್ ಎರಡು ಪೆಟ್ಟಿಗೆ ಇನ್ನೂ ನಮ್ಮ ಅಟ್ಟದ ಮೇಲಿದೆ. ಆಟೋ ಬಾಡಿಗೆ ನಿಮ್ಮದು.