ರಾಯರ ಕುದುರೆ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಅಂಗಡಿ ಶಟರ್ ಎತ್ತಿ, ಝೆರಾಕ್ಸ್ ಮಷಿನ್ ಬಿಸಿಯಾಗುವ ತನಕ ಸುಮ್ನೆ ಫೋನ್ ತೆಗೆದೆ. ಚೆಸ್ ಆಡುವ ಲಿಚೆಸ್ ಆಪ್‌ನಲ್ಲಿ ನಾನು ಗೆದ್ದಿದ್ದೇನೆ ಅಂತ ಬಂದಿತ್ತು. ಎದುರಿನವರ ಟೈಮ್ ಮುಗಿದು ನನ್ನ ರೇಟಿಂಗ್ 6 ಅಂಕ ಏರಿತ್ತು. ರಾಯರು ಟೈಮ್ ಮುಗಿಸಿಕೊಳ್ಳುವ ಮನುಷ್ಯರೇ ಅಲ್ಲ. ಹೊಟ್ಟೆಯಲ್ಲಿ ಕಸಿವಿಸಿ ಆಯಿತು.

ಅವರು ಉಡುಪಿ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ನಾನು ಬಾಗಲಕೋಟೆ ನವನಗರದವನು. ಒಂದು ನಡೆಗೆ ಮೂರು ದಿನ ಗಡುವು ಇರುವ ನಿಧಾನದ ಆಟ ನಮ್ಮದು, ನಾಲ್ಕು ವರ್ಷ ಆಡಿದೆವು. ಹುಡುಗರಿದ್ದಾಗ ಅವರು ಅಂಚೆ ಕಾರ್ಡಿನಲ್ಲಿ ಹೀಗೇ ಆಡುತ್ತಿದ್ದರಂತೆ. ನಾನು ಮೊದಲ ನಡೆ ಇ4 ಅಂದರೆ ಅವರದು ಸಿ6, ಅದೇ ಕ್ಯಾರೊ-ಕಾನ್ ಅನ್ನುವ ಆರಂಭ, ಬೇರೆ ಆಡಿದ್ದೇ ಇಲ್ಲ. ನಡುನಡುವೆ ವಾಟ್ಸ್ಆಪ್‌ನಲ್ಲಿ ಮಾತು. ಆಲಮಟ್ಟಿ ಹಿನ್ನೀರಿಗೆ ಹೋದ ನಮ್ಮ ಹಳೇ ಮನೆಯಲ್ಲಿ ಎಷ್ಟು ಕಂಬ ಇದ್ದವು ಅಂತ ಕೇಳಿದ ಒಬ್ಬರೇ ಮನುಷ್ಯ ಅವರು. ಮುಖ ನೋಡಿಲ್ಲ, ದನಿ ಕೇಳಿದ್ದು ಎರಡೇ ಸಲ.

ಇಪ್ಪತ್ತು ದಿನದ ಮೇಲೆ ಅವರದೇ ನಂಬರಿನಿಂದ ಮಗಳು ಬರೆದರು, ಅಪ್ಪ ಹೋದರು ಅಂತ. ಕಾರ್ಯ ಎಲ್ಲ ಆಗಲೇ ಮುಗಿದಿತ್ತು.

"ಒಮ್ಮೆನೂ ನೋಡಿಲ್ಲ, ಅದಕ್ಯಾಕ ಹಿಂಗ ಕುಂತೀರಿ?" ಅಂದಳು ಹೆಂಡತಿ. ತಪ್ಪೇನಿಲ್ಲ ಅವಳದು. ಬಳಗದವರಾದರೆ ಅಂಗಡಿ ಬಂದ್ ಮಾಡಿ ಮಣ್ಣಿಗೆ ಹೋಗಿ ಬರುತ್ತೇವೆ, ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿ ನನ್ನನ್ನು ಮಾತಾಡಿಸುವವರು ಯಾರು?

ಮೊದಲು ಮಾಡಿದ್ದು ಮಗಳಿಗೆ ಒಂದು ಉದ್ದ ಪತ್ರ. ಸಾಂತ್ವನ ಗೀಂತ್ವನ ಬರೆಯಲಿಲ್ಲ, ಅವರು ನನ್ನನ್ನು ಸೋಲಿಸಿದ ಮೂರು ಆಟದ ಕತೆ ಬರೆದೆ. "ಅಪ್ಪ ಊಟದ ಹೊತ್ತಿಗೆ ಬಾಗಲಕೋಟೆ ಏನೋ ಮಸಲತ್ತು ಮಾಡ್ತಿದೆ ಅಂತಿದ್ರು, ಅದು ನೀವೇನಾ?" ಅಂತ ಉತ್ತರ ಬಂತು. ಅವತ್ತು ಅತ್ತೆ.

ಎರಡನೆಯದು, ವಾಟ್ಸ್ಆಪ್‌ನಲ್ಲಿ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಮಾತೆಲ್ಲ ಇಳಿಸಿಕೊಂಡೆ, ಆಟಗಳನ್ನೂ ಇಳಿಸಿಕೊಂಡೆ. ಇದನ್ನು ಬೇಗ ಮಾಡಿ. ಬಳಸದ ಖಾತೆಯನ್ನು ವಾಟ್ಸ್ಆಪ್ ಸಾಮಾನ್ಯವಾಗಿ 120 ದಿನಕ್ಕೆ ಅಳಿಸುತ್ತದೆ, 90 ದಿನ ಸುಮ್ಮನಿದ್ದ ಸಿಮ್ ಬಂದ್ ಆಗಿ ನಂಬರು ಬೇರೆಯವರ ಪಾಲಾಗಬಹುದು. ದೀಪಾವಳಿ ಹೊತ್ತಿಗೆ ರಾಯರ ನಂಬರಿನಲ್ಲಿ ಬೈಕ್ ಮೇಲೆ ಕುಂತ ಯಾವನೋ ಹುಡುಗನ ಫೋಟೊ ಬಂತು. ಅವನ ಮೇಲೆ ಸಿಟ್ಟು ಬಂತು ನೋಡಿ, ಪಾಪ ಅವನೇನು ಮಾಡಿದ್ದ.

ಆ ಕೊನೇ ಆಟ ಮಾತ್ರ ತಲೆಯಿಂದ ಹೋಗಲಿಲ್ಲ. ನಡೆ ಅವರದಿತ್ತು. ಕಟ್ಟಿಗೆ ಬೋರ್ಡ್ ತಂದು ಕೌಂಟರ್ ಮೇಲೆ ಹಾಗೇ ಜೋಡಿಸಿಟ್ಟೆ, ಗಿರಾಕಿ ಇಲ್ಲದಾಗ ರಾಯರ ಕಡೆಯಿಂದ ನೋಡುವುದು. ಕಂಪ್ಯೂಟರ್‌ಗೆ ಹಾಕಿದರೆ ಒಂದು ಕ್ಷಣದ ಕೆಲಸ, ಬೇಡ ಅನಿಸಿತು. ಆಧಾರ್ ಝೆರಾಕ್ಸ್‌ಗೆ ಬಂದವರೊಬ್ಬರು ಅದರ ಮೇಲೇ ಚೀಲ ಇಟ್ಟು ಎರಡು ಪ್ಯಾದೆ ಉರುಳಿಸಿದರು, ಮತ್ತೆ ನಿಲ್ಲಿಸಿದೆ. ಒಂಬತ್ತನೇ ದಿನ ಕಾಣಿಸಿತು: ಕುದುರೆಯನ್ನು ಎಫ್4 ಮನೆಯಲ್ಲಿ ಬಲಿ ಕೊಡುವುದು. ನಾನು ಅದನ್ನು ಹೊಡೆದರೆ ಮಂತ್ರಿ ಒಳಗೆ ನುಗ್ಗುತ್ತದೆ, ಹೊಡೆಯದಿದ್ದರೂ ಉಳಿಗಾಲವಿಲ್ಲ. ಮುದುಕ ನನ್ನನ್ನು ಮುಗಿಸಿಯೇ ಹೋಗಿದ್ದ! ಕೌಂಟರ್‌ನಲ್ಲಿ ಒಬ್ಬನೇ ನಕ್ಕೆ, ನನ್ನ ರಾಜನನ್ನು ಮಲಗಿಸಿದೆ.

ಮಹಾನವಮಿ ಅಮಾಸಿಗೆ ಅವ್ವ ಹಿರಿಯರಿಗೆ ಎಡಿ ತಯಾರು ಮಾಡುತ್ತಿದ್ದಳು. ರಾಯರದೂ ಒಂದು ಇಡಬಹುದಾ ಅಂತ ಹೆದರಿಕೊಂಡೇ ಕೇಳಿದೆ. ಯಾರು, ಯಾವ ಮಂದಿ ಅಂತ ಕೇಳಲಿಲ್ಲ. "ಏನ ತಿಂತಿದ್ರಪಾ ಅವ್ರು?" ಅಂದಳು.

ಇಳಿಸಿಟ್ಟ ಚಾಟ್‌ನಲ್ಲಿ ಹುಡುಕಿದೆ. "ಅಮೀನಗಡದ ಕರದಂಟು ಕಳಿಸಿ ಮಾರಾಯ್ರೆ, ಮಗಳಿಗೆ ಹೇಳ್ಬೇಡಿ, ಶುಗರ್ ಉಂಟು ನನಗೆ" ಅಂತಿತ್ತು. ಶುಗರ್ ಇಳಿಸಿ, ಆಮೇಲೆ ನೋಡೋಣ ಅಂತ ನಾನು ನಗುವ ಮುಖ ಹಾಕಿದ್ದೆ. ಕಳಿಸಲೇ ಇಲ್ಲ.

ಓದಿ ಹೇಳಿದೆ. "ಇನ್ನೆಲ್ಲಿ ಶುಗರ್ ಬಿಡು" ಅಂದು ಅವ್ವ ಹೋಳಿಗೆ ಪಕ್ಕ ಎರಡು ತುಂಡು ಇಟ್ಟಳು.