ಗ್ರೀಸ್ ಹಚ್ಚಿ ನಾನೇ ಕೆಡಿಸಿಕೊಂಡ ಟಾರ್ಕ್ ಕನ್ವರ್ಟರ್

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ನಿಂತಿರಬೇಕಾದ ನನ್ನ ಗೋ-ಕಾರ್ಟ್ (ಪುಟ್ಟ ತೆರೆದ ಕಾರು) ಮೆಲ್ಲಗೆ ಮುಂದಕ್ಕೆ ತೆವಳುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ಜರ್ಕ್, ಜೊತೆಗೆ ಸುಟ್ಟ ರಬ್ಬರ್ ವಾಸನೆ. ಐಡಲ್ ಸ್ಪೀಡ್ ಇಳಿಸಿ ನೋಡಿದೆ, ಏನೂ ಬದಲಾಗಲಿಲ್ಲ.

ಎಂಜಿನ್ನಿನ ಶಕ್ತಿಯನ್ನು ಎರಡು ಪುಲ್ಲಿ, ಒಂದು ಬೆಲ್ಟಿನ ಮೂಲಕ ಚಕ್ರದ ಕಡೆಗೆ ಸಾಗಿಸುವ ಟಾರ್ಕ್ ಕನ್ವರ್ಟರ್‌ನ ಕವರ್ ಬಿಚ್ಚಿದಾಗ ಗೊತ್ತಾಯಿತು, ತಪ್ಪು ನನ್ನದೇ. ಹೋದ ಸಲ 'ಇರಲಿ' ಅಂತ ಎಂಜಿನ್ ಕಡೆಯ ಪುಲ್ಲಿಗೆ ಗ್ರೀಸ್ ಹಚ್ಚಿದ್ದೆ. ಬೆಲ್ಟಿನ ಪುಡಿ ಅದಕ್ಕೆ ಅಂಟಿ ಕಪ್ಪು ಮೇಣದ ಹಾಗೆ ಆಗಿತ್ತು. ಪುಲ್ಲಿಯ ಸರಿಯುವ ತಟ್ಟೆ ಬುಷ್ (ಅದು ಜಾರುವ ಒಳಗಿನ ಕೊಳವೆ) ಮೇಲೆ ಸಿಕ್ಕಿಕೊಂಡು, ಎಂಜಿನ್ ವೇಗ ಇಳಿದರೂ ಬೆಲ್ಟನ್ನು ಬಿಡುತ್ತಿರಲಿಲ್ಲ. ತೆವಳದೆ ಇನ್ನೇನು ಮಾಡುತ್ತೆ, ಅಲ್ವಾ?

ಸ್ಪಾರ್ಕ್ ಪ್ಲಗ್ ವೈರ್ ತೆಗೆದಿಟ್ಟು ಪುಲ್ಲಿ ಬಿಚ್ಚಿದೆ. ಬ್ರೇಕ್ ಕ್ಲೀನರ್ ಹಾಕಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿದೆ. ಬುಷ್ ಜಾರುವ ಜಾಗಕ್ಕೆ ಮಾತ್ರ ಡ್ರೈ ಗ್ರಾಫೈಟ್ ಸ್ಪ್ರೇ, ಅದೂ ತೆಳ್ಳಗೆ. ಬೆಲ್ಟ್ ಕೂರುವ ಇಳಿಜಾರಿಗೆ ಒಂದು ಹನಿಯೂ ತಾಗಬಾರದು. ಅಲ್ಲಿ ಜಾರಿದರೆ ಬೆಲ್ಟ್ ಸುಡುತ್ತದೆ. ಸ್ಪ್ರೇ ಪೂರ್ತಿ ಒಣಗಿದ ಮೇಲೆ ತಟ್ಟೆಯನ್ನು ಬೆರಳಲ್ಲಿ ತಳ್ಳಿದೆ. ಸಲೀಸಾಗಿ ಹೋಗಿ ಬಂತು.

ಹಳೇ ಬೆಲ್ಟಿನ ಅಂಚು ಗಾಜಿನ ಹಾಗೆ ಹೊಳೆಯುತ್ತಿತ್ತು, ಗ್ರೀಸೂ ಕುಡಿದಿತ್ತು. ಎಸೆದು ಹೊಸದು ಹಾಕಿದೆ. ನನ್ನದರಲ್ಲಿ ಬೆಲ್ಟಿನ ಒಂದು ಬದಿ ನೇರ, ಇನ್ನೊಂದು ಇಳಿಜಾರು; ನೇರ ಬದಿ ಎಂಜಿನ್ ಕಡೆಗೆ ಬರಬೇಕು. ಮೊದಲ ಸಲ ಅದನ್ನೂ ಉಲ್ಟಾ ಹಾಕಿ ಮತ್ತೆ ಬಿಚ್ಚಿದೆ ಅನ್ನಿ!

ಈಗ ಐಡಲ್‌ನಲ್ಲಿ ಅಲುಗಾಡದೆ ನಿಲ್ಲುತ್ತದೆ.